ಮೂರು ನಿಮಿಷದ ಪ್ಲೇಟು ಮತ್ತು ಸುಳೇಭಾವಿಯ ಹುಡುಗ

ರಾಕ್ ಸಂಗೀತದ ಹುಚ್ಚು ಇರುವವರಿಗೆಲ್ಲ ಗೊತ್ತಿರುವ ಒಂದು ಸಂಗತಿ ಇದೆ. 1961ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಇಬ್ಬರು ಹುಡುಗರು ಎದುರುಬದುರಾದರು. ಒಬ್ಬ ಮಿಕ್ ಜಾಗರ್, ಇನ್ನೊಬ್ಬ ಕೀತ್ ರಿಚರ್ಡ್ಸ್. ಚಿಕ್ಕಂದಿನಲ್ಲಿ ಒಂದೇ ಶಾಲೆಯಲ್ಲಿ ಓದಿ ಆಮೇಲೆ ಬೇರೆಯಾದವರು. ಜಾಗರ್ ಕೈಯಲ್ಲಿ ಚಕ್ ಬೆರ್ರಿ ಮತ್ತು ಮಡ್ಡಿ ವಾಟರ್ಸ್ ಅವರ ರಿಕಾರ್ಡುಗಳಿದ್ದವು. ಅವನ್ನು ನೋಡಿಯೇ ಮಾತು ಶುರುವಾಯಿತು, ಮುಂದೆ ರೋಲಿಂಗ್ ಸ್ಟೋನ್ಸ್ ತಂಡ ಹುಟ್ಟಿತು. ಅಮೆರಿಕದ ಕರಿಯ ಗಾಯಕರ ಹಾಡುಗಳನ್ನು ರಿಕಾರ್ಡಿನಿಂದ ಕೇಳಿ, ಇದ್ದದ್ದು ಇದ್ದಂತೆ ಬಾರಿಸುತ್ತ ಕಲಿತವರು ಅವರು.

ನಮ್ಮ ಹಾಸ್ಟೆಲಿನ ಗೆಳೆಯರು ಈ ಕಥೆಯನ್ನು ಪುರಾಣದ ಹಾಗೆ ಹೇಳುತ್ತಾರೆ. ಅದಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲೇ ನಮ್ಮ ಬೆಳಗಾವಿ ಸೀಮೆಯಲ್ಲಿ ಒಬ್ಬ ಹುಡುಗ ರಿಕಾರ್ಡು ಕೇಳಿ ಕೇಳಿಯೇ ಗಾಯಕನಾದ. ಅವನ ಕಥೆ ಇದಕ್ಕಿಂತ ವಿಚಿತ್ರ, ಇದಕ್ಕಿಂತ ಕಷ್ಟದ್ದು. ಆದರೆ ನಮ್ಮ ವಯಸ್ಸಿನವರಲ್ಲಿ ಅದು ಗೊತ್ತಿರುವವರು ಕಡಿಮೆ. ಬೆಳಗಾವಿಗೆ ಹೋದವರು ಕುಮಾರ ಗಂಧರ್ವ ರಂಗಮಂದಿರದ ಬೋರ್ಡು ನೋಡಿರುತ್ತೀರಿ. ವಿಟಿಯು ಕೆಲಸಕ್ಕೆಂದು ಹೋದಾಗ ನಾನೂ ನೋಡಿದ್ದೆ. ಪುರಾಣದ ಯಾವುದೋ ಗಂಧರ್ವನ ಹೆಸರಿರಬೇಕು ಎಂದುಕೊಂಡು ಮುಂದೆ ಹೋಗುವವರೇ ಹೆಚ್ಚು.

ಅದು ಮನುಷ್ಯನ ಹೆಸರು. ನಿಜವಾದ ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ. ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ. ಮನೆಮಾತು ಕನ್ನಡ. ತಂದೆ ಸಿದ್ಧರಾಮಯ್ಯನವರಿಗೆ ಸಂಗೀತದ ಗೀಳು. ಆ ಸೀಮೆಯಲ್ಲಿ ಆಗ ಮರಾಠಿ ಸಂಗೀತ ನಾಟಕಗಳ ಅಬ್ಬರ. ಪಕ್ಕದ ಮೀರಜಿನಲ್ಲಿ ಅಬ್ದುಲ್ ಕರೀಂ ಖಾನರ ವಾಸ, ಕುಂದಗೋಳದಲ್ಲಿ ಸವಾಯಿ ಗಂಧರ್ವರು. ದೊಡ್ಡ ಗಾಯಕರು ಊರಿಗೆ ಬಂದು ಹಾಡುವುದು ಎಂದೋ ಒಮ್ಮೆ. ದಿನವೂ ಹಾಡುವುದು ಮಾತ್ರ ಗ್ರಾಮಫೋನು.

ಈ ಗ್ರಾಮಫೋನಿನ ಬಗ್ಗೆ ಸ್ವಲ್ಪ ಹೇಳಬೇಕು. ಎಂಜಿನಿಯರಿಂಗ್ ಓದುವವನಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅದಕ್ಕೆ ಕರೆಂಟು ಬೇಡ. ಗಡಿಯಾರಕ್ಕೆ ಕೊಟ್ಟಂತೆ ಕೀಲಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಪ್ಲೇಟನ್ನು ತಿರುಗಿಸುತ್ತದೆ, ನಿಮಿಷಕ್ಕೆ 78 ಸುತ್ತು. ಪ್ಲೇಟು ಮಾಡುತ್ತಿದ್ದುದು ಅರಗಿನಿಂದ, ನಮ್ಮ ಹೆಂಗಸರ ಅರಗಿನ ಬಳೆಗೆ ಹಾಕುವ ಅದೇ ಅರಗು. ಕೈ ಜಾರಿ ಬಿದ್ದರೆ ಹಂಚಿನ ಹಾಗೆ ಒಡೆಯುತ್ತಿತ್ತು. ಸೂಜಿ ಬೇಗ ಸವೆಯುವುದರಿಂದ ಮತ್ತೆ ಮತ್ತೆ ಬದಲಿಸಬೇಕಿತ್ತು. ಎಲ್ಲಕ್ಕಿಂತ ಮುಖ್ಯ ಮಾತೆಂದರೆ, ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ.

ಖಯಾಲ್ ಎಂಬುದು ಒಂದು ತಾಸು ಹಾಡುವ ಸಂಗೀತ. ಅದನ್ನು ಮೂರು ನಿಮಿಷಕ್ಕೆ ಇಳಿಸಬೇಕೆಂದರೆ ಗಾಯಕ ಏನು ಮಾಡಬೇಕು? ಹಾಲು ಕಾಯಿಸಿ ಕಾಯಿಸಿ ಖವಾ ಮಾಡಿದ ಹಾಗೆ ಬತ್ತಿಸಬೇಕು. ರಾಗದ ಮುಖ್ಯ ರೂಪ, ಬಂದಿಶ್, ನಾಲ್ಕು ತಾನು, ಮುಗಿಯಿತು. ಕೆಲವು ಹಳೆಯ ಗಾಯಕರಿಗೆ ಇದು ಅವಮಾನದಂತೆ ಕಂಡಿತು. ಇನ್ನು ಕೆಲವರು ಈ ಮೂರು ನಿಮಿಷದಲ್ಲೇ ಅದ್ಭುತ ಮಾಡಿದರು. ಅಬ್ದುಲ್ ಕರೀಂ ಖಾನರು ಅಂಥವರಲ್ಲಿ ಒಬ್ಬರು.

ಸುಳೇಭಾವಿಯ ಹುಡುಗನಿಗೆ ಸಿಕ್ಕಿದ್ದು ಈ ಖವಾ. ಅವನಿಗಾಗ ಆರೇಳು ವರ್ಷ. ಸರಿಗಮ ಕಲಿಸಿದವರಿಲ್ಲ, ರಾಗದ ಲಕ್ಷಣ ಗೊತ್ತಿಲ್ಲ. ಆದರೆ ಒಂದು ರಿಕಾರ್ಡು ಕೇಳಿದರೆ ಅದರಲ್ಲಿದ್ದುದೆಲ್ಲ ಅವನ ಗಂಟಲಿಗೆ ಬಂದುಬಿಡುತ್ತಿತ್ತು. ಅಬ್ದುಲ್ ಕರೀಂ ಖಾನ್, ಆಗ್ರಾದ ಫಯಾಜ್ ಖಾನ್, ರಾಮಕೃಷ್ಣಬುವಾ ವಝೆ, ಓಂಕಾರನಾಥ ಠಾಕೂರ್ ಹೀಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಧ್ವನಿಗಳು. ಒಬ್ಬರದು ಕಿರಾನಾ, ಇನ್ನೊಬ್ಬರದು ಆಗ್ರಾ, ಮತ್ತೊಬ್ಬರದು ಗ್ವಾಲಿಯರ್. ಹುಡುಗ ಅವರವರ ಧ್ವನಿಯ ಗುಣ, ಎಳೆತ, ತಾನಿನ ವೇಗ ಎಲ್ಲವನ್ನೂ ಹಾಗೆಯೇ ಹೊರಗೆ ತರುತ್ತಿದ್ದ. ಈಗಿನ ಮಾತಿನಲ್ಲಿ ಹೇಳುವುದಾದರೆ ಪರ್ಫೆಕ್ಟ್ ಕಾಪಿ.

ತಂದೆ ಮಗನನ್ನು ಊರೂರಿಗೆ ಕರೆದೊಯ್ದು ಹಾಡಿಸತೊಡಗಿದರು. ಜನ ಮುಗಿಬಿದ್ದರು. ಒಬ್ಬ ಮಠಾಧೀಶರು ಅವನ ಹಾಡು ಕೇಳಿ ಕುಮಾರ ಗಂಧರ್ವ ಎಂಬ ಬಿರುದು ಕೊಟ್ಟರು. ಬಿರುದೇ ಹೆಸರಾಯಿತು, ಹೆಸರು ಕಡತದಲ್ಲಿ ಉಳಿಯಿತು. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹನ್ನೊಂದು ವರ್ಷದ ಹುಡುಗ ಹಾಡಿದಾಗ ದೊಡ್ಡ ದೊಡ್ಡ ಉಸ್ತಾದರೇ ಬೆರಗಾದರಂತೆ.

ಇಲ್ಲಿ ಭೀಮಸೇನ ಜೋಶಿಯವರ ನೆನಪಾಗದೇ ಇರದು. ಅವರು ಕುಮಾರರಿಗಿಂತ ಎರಡು ವರ್ಷ ದೊಡ್ಡವರು. ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ರಿಕಾರ್ಡು ಕೇಳಿ, ಹಾಗೆ ಹಾಡಬೇಕೆಂದು 1933ರಲ್ಲಿ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಉತ್ತರಕ್ಕೆ ಹೋದವರು. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲೇ. ಧಾರವಾಡದಲ್ಲಿ ಬಾಲಕಿ ಗಂಗೂಬಾಯಿ ಕೂಡ ಗ್ರಾಮಫೋನಿನ ಸದ್ದು ಕೇಳಿದರೆ ಮನೆಯಿಂದ ಓಡಿಬರುತ್ತಿದ್ದರು. ಒಂದು ಯಂತ್ರ, ಒಂದೇ ಸೀಮೆ, ಮೂರು ಮಕ್ಕಳು. ಆದರೆ ಒಂದು ಅಂತರವಿದೆ. ರಿಕಾರ್ಡು ಭೀಮಸೇನರನ್ನು ಗುರುವಿನ ಕಡೆಗೆ ಅಟ್ಟಿತು. ಕುಮಾರರಿಗೆ ಮೊದಲಿಗೆ ರಿಕಾರ್ಡೇ ಗುರು. ಪ್ರಶ್ನೆ ಕೇಳಲಾಗದ, ತಪ್ಪು ತಿದ್ದದ, ಎಷ್ಟು ಸಲ ಬೇಕಾದರೂ ಹೇಳಿದ್ದನ್ನೇ ಹೇಳುವ ಗುರು. ಯೂಟ್ಯೂಬ್ ನೋಡಿ ಸೆಮಿಸ್ಟರ್ ದಾಟುವ ನಮಗೆ ಈ ಗುರುವಿನ ಪರಿಚಯ ಚೆನ್ನಾಗಿಯೇ ಇದೆ.

ಕುಮಾರರ ಪುಣ್ಯಕ್ಕೆ ಮುಂಬಯಿಯಲ್ಲಿ ಬಿ.ಆರ್. ದೇವಧರ ಸಿಕ್ಕರು. ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದ ದೇವಧರರು ಪಾಶ್ಚಾತ್ಯ ಸಂಗೀತವನ್ನೂ ಕಲಿತವರು, ಗಿರಗಾಂವ್ ಕಡೆ ಸಂಗೀತ ಶಾಲೆ ನಡೆಸುತ್ತಿದ್ದವರು. ಅವರ ಶಾಲೆ ಒಂದು ಘರಾಣೆಯ ಮನೆಯಾಗಿರಲಿಲ್ಲ, ಯಾವ ಘರಾಣೆಯ ಗಾಯಕ ಮುಂಬಯಿಗೆ ಬಂದರೂ ಅಲ್ಲಿಗೆ ಬಂದು ಕೂತು ಹಾಡುವ ಕಟ್ಟೆಯಾಗಿತ್ತು. 1930ರ ದಶಕದ ನಡುವಿನಲ್ಲಿ ಹುಡುಗ ಅಲ್ಲಿ ಸೇರಿದ. ಹಾಡಿನಲ್ಲಿ ಆಗಲೇ ಹೆಸರು ಮಾಡಿದವನಿಗೆ ಮೊದಲಿನಿಂದ ಪಾಠ! ತಾನು ಹಾಡುತ್ತಿದ್ದುದರಲ್ಲಿ ಯಾವ ಸ್ವರ ಎಲ್ಲಿದೆ, ಅದು ಅಲ್ಲೇ ಏಕೆ ಇದೆ ಎಂಬುದನ್ನು ಒಂದೊಂದಾಗಿ ಬಿಚ್ಚಿ ನೋಡುವ ಕೆಲಸ. ಸಾಲ್ವ್ಡ್ ಪೇಪರ್ ಪೂರ್ತಿ ಬಾಯಿಪಾಠ ಇರುವ ವಿದ್ಯಾರ್ಥಿಯನ್ನು ಕೂರಿಸಿ, ಈ ಸೂತ್ರ ಎಲ್ಲಿಂದ ಬಂತು ಎಂದು ಬೋರ್ಡಿನ ಮೇಲೆ ಬಿಡಿಸಲು ಹೇಳಿದ ಹಾಗೆ. ಬಾಯಿಪಾಠ ಬಾರದವನಿಗಿಂತ ಬರುವವನಿಗೆ ಇದು ಹೆಚ್ಚು ಕಷ್ಟ ಎಂದು ನನ್ನ ಅನಿಸಿಕೆ. ಉತ್ತರ ಕೈಯಲ್ಲೇ ಇರುವಾಗ ಪ್ರಶ್ನೆಯ ಮೇಲೆ ಆಸೆ ಹುಟ್ಟುವುದು ಹೇಗೆ? ದೇವಧರರ ಜೊತೆಗೆ ಹಿರಿಯ ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ಅವರಲ್ಲೂ ಕುಮಾರರು ಕಲಿತರು. ಮುಂದೆ ಅದೇ ಶಾಲೆಯಲ್ಲಿ ಪಾಠವನ್ನೂ ಹೇಳಿದರು.

ಇಪ್ಪತ್ತರ ವಯಸ್ಸಿಗೆ, ಅಂದರೆ ನನ್ನ ಈಗಿನ ವಯಸ್ಸಿಗೆ, ಅವರು ದೇಶದ ದೊಡ್ಡ ವೇದಿಕೆಗಳ ಗಾಯಕ. 1947ರಲ್ಲಿ ದೇವಧರರ ಶಾಲೆಯಲ್ಲೇ ಕಲಿತಿದ್ದ ಭಾನುಮತಿಯವರೊಂದಿಗೆ ಮದುವೆಯಾಯಿತು. ಅದೇ ವರ್ಷ ಕ್ಷಯ ಕಾಣಿಸಿಕೊಂಡಿತು.

ಕ್ಷಯ ಎಂದರೆ ಆಗ ಸಾವಿನ ಇನ್ನೊಂದು ಹೆಸರು. ಗಾಯಕನಿಗಂತೂ ರೋಗ ಬಂದು ಕೂತದ್ದು ಬಂಡವಾಳದ ಮೇಲೆಯೇ. ಮುಂಬಯಿಯ ಒದ್ದೆ ಹವೆ ಆಗದು, ಒಣ ಹವೆಯ ಊರಿಗೆ ಹೋಗಬೇಕೆಂದು ವೈದ್ಯರು ಹೇಳಿದರು. 1948ರ ಆರಂಭದಲ್ಲಿ ಗಂಡ ಹೆಂಡತಿ ಮಧ್ಯಭಾರತದ ಮಾಳವಾ ಪ್ರದೇಶದ ದೇವಾಸಕ್ಕೆ ಹೋದರು. ಇಂದೋರಿಗೆ ಹತ್ತಿರದ ಸಣ್ಣ ಊರು, ನಡುವೆ ದೇವಿಯ ಗುಡ್ಡ. ಹಾಡುವುದು ಪೂರ್ತಿ ನಿಷಿದ್ಧ. 24 ವರ್ಷದ ಗಾಯಕ ಹಾಸಿಗೆಯ ಮೇಲೆ ಬಾಯಿ ಮುಚ್ಚಿ ಮಲಗಿದರು, ಒಂದು ದಿನವಲ್ಲ, ಒಂದು ತಿಂಗಳಲ್ಲ, ಹತ್ತಿರ ಹತ್ತಿರ ಐದು ವರ್ಷ. ಭಾನುಮತಿಯವರು ಅಲ್ಲಿಯ ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು, ಗಂಡನ ಆರೈಕೆ ಮಾಡಿದರು. ಅವರೂ ಹಾಡುಗಾರ್ತಿ ಎಂಬುದನ್ನು ಈ ಕಥೆ ಹೇಳುವವರು ಬಹಳ ಸಲ ಮರೆಯುತ್ತಾರೆ.

ಕುಮಾರರನ್ನು ಉಳಿಸಿದ್ದು ಸ್ಟ್ರೆಪ್ಟೊಮೈಸಿನ್. ಅಮೆರಿಕದಲ್ಲಿ 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದ ಈ ಔಷಧ ಕ್ಷಯವನ್ನು ಹಿಡಿದು ನಿಲ್ಲಿಸಿದ ಮೊದಲ ಆ್ಯಂಟಿಬಯೋಟಿಕ್. ನಮ್ಮ ದೇಶಕ್ಕೆ ಆಗಷ್ಟೇ ಬರುತ್ತಿತ್ತು. ಐದಾರು ವರ್ಷ ಮೊದಲು ರೋಗ ಬಂದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ರೋಗ ಹೋಯಿತು, ಆದರೆ ಒಂದು ಶ್ವಾಸಕೋಶವನ್ನು ಕೆಡಿಸಿಯೇ ಹೋಯಿತು.

ಬಾಯಿ ಮುಚ್ಚಿದ್ದರೂ ಕಿವಿ ತೆರೆದಿತ್ತು. ಹಾಸಿಗೆಯಲ್ಲಿ ಮಲಗಿದವರಿಗೆ ಹೊರಗಿನಿಂದ ಹಾಡುಗಳು ಕೇಳಿಬರುತ್ತಿದ್ದವು. ಹಬ್ಬಕ್ಕೆ, ಮದುವೆಗೆ, ಮಳೆಗಾಲಕ್ಕೆ ಮಾಳವಾದ ಹೆಂಗಸರು ಹಾಡುವ ಹಾಡು. ಭಿಕ್ಷೆಗೆ ಬರುವ ನಾಥಪಂಥದ ಜೋಗಿಗಳು ಹಾಡುವ ಕಬೀರನ, ಗೋರಖನಾಥನ ನಿರ್ಗುಣ ಪದ. ಬಾಲ್ಯದಲ್ಲಿ ಅವರ ಕಿವಿಗೆ ಬಿದ್ದಿದ್ದು ಆರಿಸಿ, ಬತ್ತಿಸಿ, ಮಾರಾಟಕ್ಕೆ ಇಟ್ಟ ಹಾಡು. ಇಲ್ಲಿ ಬೀಳುತ್ತಿದ್ದುದು ಯಾರೂ ರಿಕಾರ್ಡು ಮಾಡದ ಹಾಡು. ಮೊದಲಿನಂತೆ ಕೇಳಿದ ಕೂಡಲೇ ಹಾಡಿ ತೋರಿಸುವ ಹಾಗೂ ಇಲ್ಲ. ನಾನು ಈ ಭಾಗವನ್ನು ಓದಿದಾಗ ತುಂಬ ಹೊತ್ತು ಯೋಚಿಸಿದ್ದು ಇದನ್ನೇ. ಕೇಳಿದ್ದನ್ನು ತಕ್ಷಣ ನಕಲು ಮಾಡುವ ಶಕ್ತಿ ಇದ್ದವನಿಗೆ ಐದು ವರ್ಷ ಆ ಶಕ್ತಿ ಬಳಸಲು ಅನುಮತಿ ಇಲ್ಲದಿದ್ದರೆ, ಆ ಹಾಡುಗಳೆಲ್ಲ ಒಳಗೆ ಏನು ಮಾಡುತ್ತವೆ?

ಅವರ ಒಳಗೆ ಅವು ಪ್ರಶ್ನೆಯಾದವು. ಹಳ್ಳಿಯ ಒಂದು ಹಾಡಿನಲ್ಲಿ ಇರುವುದು ನಾಲ್ಕೈದು ಸ್ವರ. ಆ ನಾಲ್ಕು ಸ್ವರದಲ್ಲೇ ರಾಗದ ಮೊಳಕೆ ಇದೆ ಎಂದು ಅವರಿಗೆ ಕಾಣತೊಡಗಿತು. ಎದ್ದು ಓಡಾಡುವಂತಾದ ಮೇಲೆ ಆ ಹಾಡುಗಳನ್ನು ಸಂಗ್ರಹಿಸಿ ಸ್ವರ ಹಾಕಿ ಬರೆದರು. ಅವುಗಳಿಂದ ಹೊಸ ರಾಗಗಳನ್ನು ಬೆಳೆಸಿದರು: ಮಾಲವತಿ, ಸಂಜಾರಿ, ಲಗನಗಂಧಾರ, ಅಹಿಮೋಹಿನಿ, ನಿಂದಿಯಾರಿ. ಜನಪದ ಧಾಟಿಯಿಂದ ಹುಟ್ಟಿದ್ದು ಎಂಬ ಅರ್ಥದಲ್ಲಿ ಇವನ್ನು ಧುನ್‌ಉಗಮ ರಾಗಗಳೆಂದು ಕರೆದರು. ಈ ರಾಗಗಳು, ತಾವೇ ಕಟ್ಟಿದ ಬಂದಿಶ್‌ಗಳು ಸೇರಿ 1965ರಲ್ಲಿ ಅನೂಪರಾಗವಿಲಾಸ ಎಂಬ ಪುಸ್ತಕವಾಗಿ ಬಂದವು.

ನಾನು ಇಂಡಿ ತಾಲೂಕಿನ ತಾಂಬಾದವನು. ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ ಎನಿಸಬಹುದು. ಹಲಸಂಗಿ ನಮಗೆ ದೂರವಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಹಲಸಂಗಿ ಗೆಳೆಯರು ಹೆಂಗಸರ ಬೀಸುವ ಹಾಡುಗಳನ್ನು ಕೂಡಿಸಿ ಗರತಿಯ ಹಾಡು ಎಂಬ ಪುಸ್ತಕ ತಂದದ್ದು 1931ರಲ್ಲಿ. ಸುಳೇಭಾವಿಯ ಹುಡುಗ ಆಗ ಏಳು ವರ್ಷದವನು, ರಿಕಾರ್ಡಿನ ಮುಂದೆ ಕೂತಿದ್ದ. ಆ ಗೆಳೆಯರು ಹಾಡಿನ ಮಾತು ಉಳಿಸಿದರು, ಧಾಟಿ ಬೀಸುಕಲ್ಲಿನ ಜೊತೆಗೇ ಹೊರಟುಹೋಗುತ್ತಿದೆ. ನಮ್ಮ ಆಯಿಗೆ ಇನ್ನೂ ಕೆಲವು ಪದ ನೆನಪಿವೆ. ಒಮ್ಮೆ ಮೊಬೈಲಿನಲ್ಲಿ ಅವಳ ಹಾಡು ಹಿಡಿದು ಕೀಬೋರ್ಡಿನಲ್ಲಿ ಬಾರಿಸಲು ನೋಡಿದೆ. ಸ್ವರ ನಾಲ್ಕೇ ಇದ್ದರೂ ಅವಳು ಎಳೆಯುವ ಜಾಗ ಎರಡು ಕೀಗಳ ನಡುವೆ ಎಲ್ಲೋ ಇತ್ತು. ಗಿಟಾರಿನಲ್ಲಿ ತಂತಿಯನ್ನು ಒತ್ತಿ ಬಗ್ಗಿಸಿದರೆ ಸಿಗಬಹುದು ಎಂದ ನನ್ನ ಗೆಳೆಯ. ಬ್ಲೂಸ್ ಹಾಡುವವರು ಮಾಡುವುದೂ ಅದನ್ನೇ. ಅದಿರಲಿ.

1953ರ ಹೊತ್ತಿಗೆ ಕುಮಾರರು ಮತ್ತೆ ವೇದಿಕೆಗೆ ಬಂದರು. ಕೇಳಲು ಬಂದವರಿಗೆ ಹಳೆಯ ಹುಡುಗ ಸಿಗಲಿಲ್ಲ. ಉದ್ದ ಉಸಿರಿನ ಎಳೆತದ ಜಾಗದಲ್ಲಿ ಸಣ್ಣ ಸಣ್ಣ ತುಣುಕು, ಥಟ್ಟನೆ ಮೇಲಕ್ಕೆ ಚಿಮ್ಮುವ ಸ್ವರ, ಮಧ್ಯೆ ಮೌನ. ಒಂದೇ ಶ್ವಾಸಕೋಶದವನು ಇನ್ನು ಹೇಗೆ ಹಾಡಿಯಾನು ಎಂದು ಕೆಲವರು ಇದಕ್ಕೆ ಕಾರಣ ಕೊಡುತ್ತಾರೆ. ನನಗೆ ಅದು ಅರ್ಧ ಉತ್ತರ ಎನಿಸುತ್ತದೆ. ಉಸಿರು ಕಡಿಮೆ ಇದ್ದವರು ಹಾಡನ್ನು ಸಣ್ಣದು ಮಾಡಬಹುದು, ಆದರೆ ಹೊಸ ರಾಗ ಕಟ್ಟಬೇಕೆಂದೇನಿಲ್ಲ, ನಿರ್ಗುಣ ಪದಗಳನ್ನು ಶಾಸ್ತ್ರೀಯ ವೇದಿಕೆಗೆ ತರಬೇಕೆಂದೇನಿಲ್ಲ. ತಾನು ಯಾವ ಘರಾಣೆಗೂ ಸೇರಿದವನಲ್ಲ ಎಂಬುದು ಅವರ ನಿಲುವಾಗಿತ್ತು. ಸಂಪ್ರದಾಯಸ್ಥರು ಸಿಟ್ಟಾದರು, ವಿಮರ್ಶಕರು ಎರಡು ಪಾಳಯವಾದರು. ಬಾಲ್ಯದಲ್ಲೇ ಎಲ್ಲ ಘರಾಣೆಗಳ ಧ್ವನಿಯನ್ನೂ ಒಂದೇ ಗಂಟಲಿನಲ್ಲಿ ಹಾಡಿದವನು ಒಂದಕ್ಕೆ ಮಾತ್ರ ಸೇರುವುದಾದರೂ ಹೇಗೆ? ಗ್ರಾಮಫೋನು ಅವರಿಗೆ ಮಾಡಿದ ದೊಡ್ಡ ಉಪಕಾರ ಇದೇ ಇರಬೇಕು. ಗುರುವಿನ ಮನೆಯಲ್ಲಿ ಬೆಳೆದ ಹುಡುಗನಿಗೆ ಬೇರೆ ಮನೆಯ ಹಾಡು ಕೇಳುವುದೂ ತಪ್ಪಾಗಿದ್ದ ಕಾಲದಲ್ಲಿ, ಈ ಹುಡುಗನ ಮನೆಯಲ್ಲಿ ಎಲ್ಲರೂ ಒಂದೇ ಪೆಟ್ಟಿಗೆಯಿಂದ ಹಾಡುತ್ತಿದ್ದರು.

ಸಂಸಾರದಲ್ಲಿ ಮತ್ತೊಂದು ಪೆಟ್ಟು ಬಿತ್ತು. ಕಷ್ಟದ ವರ್ಷಗಳನ್ನೆಲ್ಲ ದಾಟಿಸಿದ ಭಾನುಮತಿಯವರು 1961ರಲ್ಲಿ ಎರಡನೆಯ ಮಗನ ಹೆರಿಗೆಯ ಸಮಯದಲ್ಲಿ ತೀರಿಕೊಂಡರು. ಮರುವರ್ಷ ಗಾಯಕಿ ವಸುಂಧರಾ ಶ್ರೀಖಂಡೆ ಅವರನ್ನು ಕುಮಾರರು ಮದುವೆಯಾದರು. ಮುಂದಿನ ಎಷ್ಟೋ ಕಛೇರಿಗಳಲ್ಲಿ, ರಿಕಾರ್ಡುಗಳಲ್ಲಿ ಜೊತೆಗೆ ಕೇಳುವ ಹೆಣ್ಣುಧ್ವನಿ ಅವರದು. ದೇವಾಸದ ಮನೆಗೆ ಮಾತ್ರ ಭಾನುಕುಲ ಎಂಬ ಹೆಸರೇ ಉಳಿಯಿತು. ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ ಇಬ್ಬರೂ ಗಾಯಕರು.

ಅಷ್ಟರಲ್ಲಿ ಯಂತ್ರವೂ ಬದಲಾಗಿತ್ತು. ಅರಗಿನ ಪ್ಲೇಟು ಹೋಗಿ ನಿಮಿಷಕ್ಕೆ 33 ಸುತ್ತಿನ ಎಲ್‌ಪಿ ಬಂತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು. ಅಮೆರಿಕ, ಇಂಗ್ಲೆಂಡಿನಲ್ಲಿ ರಾಕ್ ತಂಡಗಳು ಬಿಡಿ ಹಾಡು ಬಿಟ್ಟು ಪೂರ್ತಿ ಆಲ್ಬಮ್ಮನ್ನೇ ಒಂದು ಕೃತಿಯಂತೆ ಕಟ್ಟತೊಡಗಿದ್ದು ಈ ಜಾಗ ಸಿಕ್ಕ ಮೇಲೆ. ಪಿಂಕ್ ಫ್ಲಾಯ್ಡ್‌ನ ಡಾರ್ಕ್ ಸೈಡ್ ಆಫ್ ದ ಮೂನ್ ಬಂದದ್ದು 1973ರಲ್ಲಿ. ದೇವಾಸದಲ್ಲಿ ಕುಮಾರರೂ ಅದೇ ಬಗೆಯಲ್ಲಿ ಯೋಚಿಸುತ್ತಿದ್ದರು. ಮಳೆಗಾಲದ ಹಾಡುಗಳಷ್ಟೇ ಇರುವ ಗೀತವರ್ಷಾ, ಸೂರದಾಸ, ಕಬೀರ, ಮೀರಾ ಮೂವರನ್ನು ಕೂಡಿಸಿದ ತ್ರಿವೇಣಿ, ಮಾಳವಾದ ಜನಪದ ಧಾಟಿಗಳ ಕಾರ್ಯಕ್ರಮ ಹೀಗೆ ಒಂದೊಂದಕ್ಕೂ ಒಂದು ವಿಷಯ, ಒಂದು ಕ್ರಮ. ನಮ್ಮ ಹುಡುಗರ ಭಾಷೆಯಲ್ಲಿ ಇವು ಕಾನ್ಸೆಪ್ಟ್ ಆಲ್ಬಮ್‌ಗಳೇ.

ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬಾಲಗಂಧರ್ವರ ಕುರಿತದ್ದು. ಬಾಲಗಂಧರ್ವ ಎಂದರೆ ನಾರಾಯಣ ಶ್ರೀಪಾದ ರಾಜಹಂಸ, ಸ್ತ್ರೀಪಾತ್ರಗಳಲ್ಲಿ ಹಾಡಿ ಮರಾಠಿ ರಂಗಭೂಮಿಯನ್ನೇ ಆಳಿದವರು. ಕುಮಾರರ ಬಾಲ್ಯದಲ್ಲಿ ಬೆಳಗಾವಿ ಸೀಮೆಯ ಗ್ರಾಮಫೋನುಗಳಲ್ಲಿ ಅವರ ರಿಕಾರ್ಡು ತಿರುಗದ ಸಂಜೆ ಇರಲಿಲ್ಲ ಎನ್ನಬೇಕು. ಅವರನ್ನು ಹಾಗೆಯೇ ಅನುಕರಿಸುವ ಗಾಯಕರು ಮಹಾರಾಷ್ಟ್ರದಲ್ಲಿ ಬೇಕಾದಷ್ಟಿದ್ದರು. ಬಾಲ್ಯದಲ್ಲಿ ಯಾರನ್ನು ಬೇಕಾದರೂ ನಕಲು ಮಾಡಬಲ್ಲವನಾಗಿದ್ದ ಕುಮಾರರು ನಡುವಯಸ್ಸಿನಲ್ಲಿ ಆ ಹಾಡುಗಳಿಗೆ ಮರಳಿದಾಗ ಆಲ್ಬಮ್ಮಿಗೆ ಕೊಟ್ಟ ಹೆಸರು ಮಲಾ ಉಮಜಲೇಲೇ ಬಾಲಗಂಧರ್ವ. ಕನ್ನಡದಲ್ಲಿ, ನನಗೆ ತಿಳಿದ ಬಾಲಗಂಧರ್ವ. ಹಾಡು ಅವರದೇ, ಧಾಟಿ ಅವರದೇ, ಆದರೆ ಧ್ವನಿಯಲ್ಲಿ ಒಂದು ಕ್ಷಣವೂ ಅವರ ಅನುಕರಣೆ ಇಲ್ಲ. ಬಾಲಗಂಧರ್ವರು ಒಂದು ಸ್ವರದ ಮೇಲೆ ಏಕೆ ನಿಂತರು, ಒಂದು ಮಾತನ್ನು ಏಕೆ ಎಳೆದರು ಎಂದು ಯೋಚಿಸಿ, ಅದನ್ನು ತಮ್ಮ ಒಂದೇ ಶ್ವಾಸಕೋಶದ ಅಳತೆಯಲ್ಲಿ ಮತ್ತೆ ಕಟ್ಟಿದ್ದಾರೆ. ಹಳೆಯ ರಿಕಾರ್ಡನ್ನೂ ಇದನ್ನೂ ಒಂದರ ಹಿಂದೆ ಒಂದು ಕೇಳಿ. ಮರಾಠಿ ಬಾರದಿದ್ದರೂ ಅಂತರ ತಿಳಿಯುತ್ತದೆ.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು. 1992ರ ಜನವರಿ 12ರಂದು ದೇವಾಸದಲ್ಲಿ ತೀರಿಕೊಂಡಾಗ ಅವರಿಗೆ 67 ವರ್ಷ. ಒಂದು ಶ್ವಾಸಕೋಶದ ಮೇಲೆ ಸುಮಾರು ನಲವತ್ತು ವರ್ಷ ಹಾಡಿದ್ದರು.

ಕೇಳಬೇಕೆಂದು ಮನಸ್ಸಾದವರಿಗೆ ಒಂದು ಮಾತು. ನೇರವಾಗಿ ಉದ್ದನೆಯ ಖಯಾಲ್‌ಗೆ ಕೈ ಹಾಕಬೇಡಿ, ಹತ್ತು ನಿಮಿಷಕ್ಕೆ ಬಿಟ್ಟು ಏಳುತ್ತೀರಿ. ಕಬೀರನ ನಿರ್ಗುಣ ಪದಗಳಿಂದ ಶುರು ಮಾಡಿ, ಅಲ್ಲಿಂದ ಮಾಳವಾ ಹಾಡುಗಳಿಗೆ, ಆಮೇಲೆ ಮಾಲವತಿಗೆ ಹೋಗಿ. ಇಯರ್‌ಫೋನ್ ಒಳ್ಳೆಯದಿದ್ದರೆ ಹಿಂದಿನ ತಂಬೂರಿಯನ್ನು ಗಮನಿಸಿ, ಅದರ ಶ್ರುತಿಗೆ ಅವರು ಎಷ್ಟು ಹೊತ್ತು ಕೂರುತ್ತಿದ್ದರು ಎಂಬುದು ಅವರ ಶಿಷ್ಯರಲ್ಲಿ ಈಗಲೂ ದೊಡ್ಡ ಮಾತು. ನಮ್ಮ ಹಾಸ್ಟೆಲಿನ ನಾಲ್ವರಲ್ಲಿ ಇಬ್ಬರಿಗೆ ಇದು ಹಿಡಿಸಿತು, ಒಬ್ಬನಿಗೆ ನಿದ್ದೆ ಬಂತು. ನಾಲ್ಕನೆಯವನು ಗಿಟಾರ್ ತಂತಿ ಬಗ್ಗಿಸುತ್ತ ಇನ್ನೂ ನಮ್ಮ ಆಯಿಯ ಪದ ಹುಡುಕುತ್ತಿದ್ದಾನೆ.